ಕಣ ಹುಡುಕುವುದಿಲ್ಲ, ಬಿಸಿ ಕೊಡುವವರು ಹುಡುಕುತ್ತಾರೆ

ನಮಸ್ಕಾರ. ಬಿಸಿ ತಾಗಿದಾಗ ಔಷಧಿ ಬಿಡುವ ನ್ಯಾನೋ ಕಣಗಳಿಂದ ಕ್ಯಾನ್ಸರ್ ಚಿಕಿತ್ಸೆ ಕುರಿತ ನಿಮ್ಮ ಲೇಖನ ಓದಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ವಿಷಯ ಒಳ್ಳೆಯದೇ. ಆದರೆ ಅದರ ಮುಖ್ಯ ಗುಟ್ಟೇ ತಪ್ಪಾಗಿ ಬಂದಿದೆ.

‘ಕಣಗಳು ಕ್ಯಾನ್ಸರ್ ಕೋಶಗಳನ್ನು ಹುಡುಕಿ ಹೊಡೆಯುತ್ತವೆ’ ಎಂದು ಬರೆದಿದ್ದೀರಿ. ನೀವು ಹೇಳುತ್ತಿರುವ ಕಣ ಏನನ್ನೂ ಹುಡುಕುವುದಿಲ್ಲ. ಅದು ಸುಮಾರು 100 ನ್ಯಾನೋಮೀಟರ್ ಅಗಲದ ಕೊಬ್ಬಿನ ಚೀಲ, ಒಳಗೆ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿ ತುಂಬಿಕೊಂಡು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತಿರುತ್ತದೆ, ಅಷ್ಟೇ. 37 ಡಿಗ್ರಿಯಲ್ಲಿ ಚೀಲದ ಗೋಡೆ ಬಿಗಿಯಾಗಿರುತ್ತದೆ. 40-42 ಡಿಗ್ರಿ ಹತ್ತಿರ ಬಂದಾಗ ಆ ಕೊಬ್ಬು ಸಡಿಲಗೊಂಡು, ಅಲ್ಲಲ್ಲಿ ಸಣ್ಣ ಕಿಂಡಿಗಳು ತೆರೆದು, ಕೆಲವೇ ಸೆಕೆಂಡುಗಳಲ್ಲಿ ಔಷಧಿ ಹೊರಗೆ ಬರುತ್ತದೆ. ಚೀಲ ಗಡ್ಡೆಯೊಳಗೆ ನುಗ್ಗಬೇಕೆಂದೂ ಇಲ್ಲ, ಅಲ್ಲಿನ ರಕ್ತನಾಳದಲ್ಲಿ ಹಾದು ಹೋಗುವಾಗಲೇ ಸುರಿದರೆ ಸಾಕು. ಗಡ್ಡೆ ಎಲ್ಲಿದೆ ಅಂತ ಸ್ಕ್ಯಾನ್ ನೋಡಿ, ಅಲ್ಲಿಗೇ ಬಿಸಿ ಕೊಡುವವರು ವೈದ್ಯರು. ಹಾಗಾದರೆ ಸ್ಕ್ಯಾನಿಗೂ ಕಾಣದಂತೆ ಅಲ್ಲಲ್ಲಿ ಹರಡಿಕೊಂಡ ಕ್ಯಾನ್ಸರ್‌ಗೆ ಎಲ್ಲಿ ಬಿಸಿ ಕೊಡುವುದು? ಓದುಗರು ಕೇಳುವ ಮೊದಲ ಪ್ರಶ್ನೆ ಇದೇ ಅಲ್ವಾ?

ಮತ್ತೆ, ಪುರಾವೆಗೆ ಬರೀ ಇಲಿಗಳನ್ನು ತೋರಿಸಿದ್ದೀರಿ. ಮನುಷ್ಯರ ಮೇಲಿನ ಕಥೆ ಇನ್ನೂ ಸ್ವಾರಸ್ಯದ್ದು, ಕಹಿಯೂ ಹೌದು. ಥರ್ಮೋಡಾಕ್ಸ್ ಎಂಬ ಇಂಥದ್ದೇ ಔಷಧಿಯನ್ನು ಲಿವರ್ ಕ್ಯಾನ್ಸರ್ ಇದ್ದ 701 ಜನರ ಪ್ರಯೋಗದಲ್ಲಿ, ಸೂಜಿ ಚುಚ್ಚಿ ಗಡ್ಡೆ ಸುಡುವ ಚಿಕಿತ್ಸೆಯ ಜೊತೆ ಕೊಟ್ಟು ನೋಡಿದರು. 2013ರಲ್ಲಿ ಫಲಿತಾಂಶ ಬಂತು: ಬರೀ ಸುಡುವ ಚಿಕಿತ್ಸೆ ಪಡೆದವರಿಗಿಂತ ಹೆಚ್ಚೇನೂ ಲಾಭ ಕಾಣಲಿಲ್ಲ. ಅಂಕಿಅಂಶ ಕೆದಕಿದಾಗ, 45 ನಿಮಿಷವೋ ಜಾಸ್ತಿಯೋ ಬಿಸಿ ಪಡೆದವರಲ್ಲಿ ಗುಣ ಇದ್ದಂತೆ ತೋರಿತು. ಸರಿ, ಅದನ್ನೇ ನಿಯಮ ಮಾಡಿಕೊಂಡು 556 ಜನರ ಇನ್ನೊಂದು ಪ್ರಯೋಗ ನಡೆಸಿದರು. 2020ರ ಹೊತ್ತಿಗೆ ಅದೂ ಕೈಕೊಟ್ಟಿತು. ಈ ನಡುವೆ 2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 10 ಜನರಿಗೆ ಇದೇ ಥರ್ಮೋಡಾಕ್ಸ್ ಕೊಟ್ಟು, ಗಡ್ಡೆಗೆ ಅಲ್ಟ್ರಾಸೌಂಡ್‌ನಿಂದ ಬಿಸಿ ಕೊಟ್ಟು, ಗಡ್ಡೆಯೊಳಗೆ ಔಷಧಿಯ ಪ್ರಮಾಣ ಸರಾಸರಿ 3.7 ಪಟ್ಟು ಏರಿದ್ದನ್ನು ತೋರಿಸಿದರು. ಔಷಧಿ ತಲುಪುವುದು ಒಂದು, ರೋಗಿ ಹೆಚ್ಚು ದಿನ ಬದುಕುವುದು ಇನ್ನೊಂದು. ಇವೆರಡರ ನಡುವಿನ ಅಂತರವೇ ನಿಮ್ಮ ಲೇಖನ ಆಗಬೇಕು.

‘ಅಡ್ಡಪರಿಣಾಮ ಸೊನ್ನೆ’ ಎಂಬುದನ್ನು ತೆಗೆಯಿರಿ. ಈ ಔಷಧಿ ಪಡೆದವರಲ್ಲೂ ಬಿಳಿ ರಕ್ತಕಣ ಕುಸಿದಿತ್ತು. ಪುಟಕ್ಕೊಂದರಂತೆ ಬರುವ ‘ಕ್ರಾಂತಿಕಾರಿ’ಯನ್ನೂ ತೆಗೆಯಿರಿ, ಸುಮ್ನೆ ಜಾಗ ತಿನ್ನುತ್ತಿದೆ.

ನಿಮ್ಮ ಮೂರನೇ ಪ್ಯಾರಾ ಮಾತ್ರ ಚೆನ್ನಾಗಿದೆ. ಡಾಕ್ಸೊರುಬಿಸಿನ್ ಹೃದಯಕ್ಕೆ ಪೆಟ್ಟು ಕೊಡುತ್ತದೆ, ಅದಕ್ಕೇ ಒಬ್ಬರಿಗೆ ಜೀವಮಾನದಲ್ಲಿ ಇಷ್ಟೇ ಎಂಬ ಮಿತಿ ಇದೆ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ. ‘ಕ್ಯಾನ್ಸರ್ ಇನ್ನು ನೆಗಡಿಯಷ್ಟೇ’ ಎಂಬ ಕೊನೆಯ ಸಾಲು ಬೇಡವೇ ಬೇಡ. ಕೀಮೋ ನಡೆಯುತ್ತಿರುವವರೂ ಇದನ್ನು ಓದುತ್ತಾರೆ, ನಾಳೆಯೇ ಹೋಗಿ ‘ಆ ಮದ್ದು ಕೊಡಿ’ ಎಂದು ಕೇಳುತ್ತಾರೆ. ಚಿನ್ನದ ಕಣ, ಅಯಸ್ಕಾಂತದ ಕಣಗಳ ಭಾಗವನ್ನು ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ. ಅಲ್ಲಿ ಬಿಸಿಯಾಗುವುದು ಕಣವೇ, ಹಾಗಾಗಿ ಕಥೆಯೇ ಬೇರೆ. ತಿದ್ದಿ ಕಳಿಸಿ, ಓದುತ್ತೇನೆ.