ಎರಡು ಕೆಜಿಯ ರಿವಾಲ್ವರ್ ಮತ್ತು ಹೆಬ್ರಿಯ ಕಾಟಿ

ಹೆಬ್ರಿಯ ಕೃಷಿಕ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದವನೊಬ್ಬ ರಿವಾಲ್ವರಿನಲ್ಲೇ ದೊಡ್ಡ ಕರಡಿ ಕೆಡವುವ ವಿಡಿಯೋ ನೋಡಿದೆ. ಇದು ನಿಜವಾ? ಅಂಥ ತೋಟೆಯಲ್ಲಿ ಏನಿರುತ್ತದೆ? ನಮ್ಮಲ್ಲಿ ಕಾಟಿ (ಕಾಡುಕೋಣ), ಹಂದಿ ಎರಡರ ಕಾಟವೂ ಉಂಟು. ಕೇಪಿನ ಕೋವಿ ಬಿಟ್ಟು .32 ರಿವಾಲ್ವರಿಗೆ ಲೈಸೆನ್ಸ್ ಕೇಳಿದರೆ ಹೇಗೆ?’

ನಿಜವೇ ಇರಬೇಕು ಮಾರಾಯ್ರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ರಿವಾಲ್ವರ್ ಬೇಟೆಗೆ ಕಾನೂನಿನ ಒಪ್ಪಿಗೆಯೇ ಇದೆ. ಅದರ ಹಿಂದೆ ಒಬ್ಬ ಹಟಮಾರಿ ಇದ್ದ, ಐಡಾಹೊದ ಎಲ್ಮರ್ ಕೀತ್. 1907ರ .44 ಸ್ಪೆಷಲ್ ತೋಟೆಗೆ (ಈ ಅಂಕಿ ಇಂಚಿನಲ್ಲಿ ಗುಂಡಿನ ಅಂದಾಜು ಅಡ್ಡಳತೆ) ಮದ್ದು ಜಾಸ್ತಿ ತುಂಬಿ, ಚಪ್ಪಟೆ ಮೂತಿಯ ಭಾರದ ಸೀಸದ ಗುಂಡು ಕೂರಿಸಿ ವರ್ಷಗಟ್ಟಲೆ ಹೊಡೆದು ನೋಡಿದ. ಕಂಪನಿಗಳ ಬೆನ್ನು ಬಿಡಲಿಲ್ಲ. 1955ರಲ್ಲಿ ರೆಮಿಂಗ್ಟನ್ ಮತ್ತು ಸ್ಮಿತ್ ಆಂಡ್ ವೆಸ್ಸನ್ ಸೇರಿ .44 ಮ್ಯಾಗ್ನಂ ತಂದವು. ಅದರ ಹಿತ್ತಾಳೆ ಕೋಶ ಹಳೆಯದಕ್ಕಿಂತ ಸುಮಾರು 3 ಮಿಲಿಮೀಟರ್ ಉದ್ದ. ಮದ್ದಿಗೆ ಜಾಗ ಬೇಕಂತಲ್ಲ, ಹಳೆಯ ರಿವಾಲ್ವರಿಗೆ ಯಾರಾದರೂ ತುರುಕಿದರೆ ಒಳಗೆ ಕೂರಬಾರದು ಅಂತ. ಕೂತರೆ ತೋಟೆ ಹಿಡಿದು ತಿರುಗುವ ಸಿಲಿಂಡರ್ ಸಿಡಿದು ಬೆರಳು ಹೋದೀತು.

ಯೂಟಾದ ಡಿಕ್ ಕ್ಯಾಸಲ್ ಇನ್ನೂ ಮುಂದೆ ಹೋದ. 1873ರ .45 ಕೋಲ್ಟ್ ಕೋಶವನ್ನೇ ಗಟ್ಟಿ ಮಾಡಿ, ಉದ್ದ ಮಾಡಿ .454 ಕ್ಯಾಸಲ್ ತಯಾರಿಸಿದ. .44 ಮ್ಯಾಗ್ನಂನ ಒತ್ತಡದ ಮಿತಿ ಚದರ ಇಂಚಿಗೆ 36,000 ಪೌಂಡ್. ಕ್ಯಾಸಲ್‌ನದ್ದು 65,000. ಇದು ರೈಫಲ್ಲಿನ ಲೆಕ್ಕ. ಸಿಲಿಂಡರಿನಲ್ಲಿ ಆರು ತೂತು ಕೊರೆದರೆ ನಡುವಿನ ಗೋಡೆ ತೆಳ್ಳಗಾಗುತ್ತದೆ, ಹಾಗಾಗಿ ಹೆಚ್ಚಿನವುಗಳಲ್ಲಿ ಐದೇ ಗುಂಡು. 2003ರ .500 ಮ್ಯಾಗ್ನಂ ಕೂಡ ಐದರದ್ದೇ. ಅದರ ಗುಂಡಿನ ಅಡ್ಡಳತೆ 12.7 ಮಿಲಿಮೀಟರ್, ತೂಕ ಸಾಮಾನ್ಯವಾಗಿ 26 ಗ್ರಾಂ ಆಸುಪಾಸು. ಉದ್ದ ನಳಿಗೆಯದ್ದಾದರೆ ರಿವಾಲ್ವರೇ ಎರಡು ಕೆಜಿ ತೂಗುತ್ತದೆ.

ಇಲ್ಲಿಗೆ ಬಂದಾಗ ಉಕ್ಕು ತಾಳಿತು, ಕೈ ತಾಳುವುದೇ ಕಷ್ಟವಾಯಿತು. ಒಂದು ಈಡು ಹೊಡೆದಾಗ ಇಡೀ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ಸಿಲಿಂಡರಿನಲ್ಲಿ ಉಳಿದ ತೋಟೆಗಳೂ ಅದರ ಜೊತೆ ಹಿಂದೆ ಹೋಗುತ್ತವೆ, ಆದರೆ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಕೋಶದ ಬಾಯಿ ಬಿಗಿಯಾಗಿ ಅಮುಕಿರದಿದ್ದರೆ ಗುಂಡು ಕೂದಲೆಳೆಯಷ್ಟು ಮುಂದೆ ಜಾರಿ, ಕೊನೆಗೆ ತುದಿ ಹೊರಗೆ ಚಾಚಿ ಸಿಲಿಂಡರ್ ತಿರುಗುವುದೇ ನಿಲ್ಲುತ್ತದೆ. ಎದುರಿಗೆ ಕರಡಿ ಇರುವಾಗ! ಇನ್ನೊಂದು ಅಪಾಯ ಸಿಲಿಂಡರಿಗೂ ನಳಿಗೆಗೂ ನಡುವಿನ ಸಣ್ಣ ಸಂದಿನದ್ದು. ಅಲ್ಲಿಂದ ಚಿಮ್ಮುವ ಬಿಸಿ ಅನಿಲ ಬೆರಳನ್ನು ಸೀಳಬಲ್ಲದು. ರೈಫಲ್ ಹಿಡಿದಂತೆ ಎಡಗೈ ಮುಂದಿಟ್ಟರೆ ಕಥೆ ಮುಗಿಯಿತು.

ಇಷ್ಟೆಲ್ಲ ಮಾಡಿ ಸಿಗುವ ಶಕ್ತಿ ಎಷ್ಟು? .500 ಮ್ಯಾಗ್ನಂನದ್ದು ಸುಮಾರು 3,500 ಜೌಲ್. ಹನ್ನೆರಡು ಬೋರ್ ಕೋವಿಯಲ್ಲಿ ಚರೆ ಬದಲು ಒಂಟಿ ಗುಂಡು ಹಾಕಿದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳ ಬೇಟೆಗೆ ಕನಿಷ್ಠ ಎಂದು ನಿಗದಿಯಾದ .375 ರೈಫಲ್ ತೋಟೆಯದ್ದು 5,500ಕ್ಕೂ ಮೇಲೆ, ಅದು 1912ರಷ್ಟು ಹಳೆಯದು. ಅಂದರೆ ಅತಿ ದೊಡ್ಡ ರಿವಾಲ್ವರ್ ಕೂಡ ರೈಫಲ್ಲಿಗೆ ಸಮ ಅಲ್ಲ. ಗುಂಡಿನ ವೇಗವೂ ಕಡಿಮೆ. ಆಳಕ್ಕೆ ಹೋಗಿ ದೊಡ್ಡ ತೂತು ಮಾಡಿದರಷ್ಟೇ ಪ್ರಾಣಿ ಬೀಳುತ್ತದೆ. ಅದಕ್ಕೆ ಹತ್ತಿರ ಹೋಗಲೇಬೇಕು. ಅಲಾಸ್ಕಾದಲ್ಲಿ ಮೀನು ಹಿಡಿಯುವವರು ಇದನ್ನು ಕಟ್ಟಿಕೊಂಡು ಓಡಾಡುವುದು ಸರಿ ಅನಿಸುತ್ತದೆ. ಎರಡೂ ಕೈ ಕೆಲಸದಲ್ಲಿರುವಾಗ ರೈಫಲ್ ಹಿಡಿದುಕೊಳ್ಳಲು ಆಗುವುದಿಲ್ಲ ಅಲ್ವಾ? ಬೇಟೆಗೆ ಇದನ್ನೇ ಹಿಡಿದು ಹೋಗುವುದು ಮಾತ್ರ ನನ್ನ ಲೆಕ್ಕದಲ್ಲಿ ಶೋಕಿ.

ಇನ್ನು ನಿಮ್ಮ .32. ಅದರ ಶಕ್ತಿ 150 ಜೌಲ್ ಆಸುಪಾಸು. ಹಂದಿಗೆ ತಾಗಿದರೂ ಅದು ಬೀಳುವುದಿಲ್ಲ, ಸಿಟ್ಟಾಗುತ್ತದೆ. ಗಾಯದ ಹಂದಿ ತಿರುಗಿ ಬಂದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಕಾಟಿಯ ಮಾತಂತೂ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಮೊದಲ ಪಟ್ಟಿಯ ಪ್ರಾಣಿ, ಕೊಂದರೆ ಜೈಲು. ಹಂದಿಯನ್ನೂ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಬೆಳೆ ರಕ್ಷಣೆಯ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತು ಹಾಕುವ ನಿಮ್ಮ ಬೇಸರ ನಮ್ಮ ಜಿಲ್ಲೆಯ ಎಲ್ಲ ಕೃಷಿಕರದ್ದೂ ಹೌದು. ಆದರೂ ಇರುವ ಲೈಸೆನ್ಸ್ ಬಿಟ್ಟುಕೊಡಬೇಡಿ. ಬಿದ್ದ ಅಡಿಕೆ ಸಸಿ, ಹೆಜ್ಜೆ ಗುರುತು ಎರಡರ ಫೋಟೋವನ್ನೂ ಆ ದಿನವೇ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.

— ಸಂಪಾದಕ