ಅತ್ಯುತ್ತಮ ನಟಿ: ಪ್ರಶಸ್ತಿ ಪಟ್ಟಿ ಮತ್ತು ನಮ್ಮ ಪಟ್ಟಿ

ಪ್ರಶ್ನೆ: 1950ರ ಚಿತ್ರಗಳಿಗೆ ಕೊಟ್ಟ ಆಸ್ಕರ್‌ನಲ್ಲಿ ಬೆಟಿ ಡೇವಿಸ್, ಗ್ಲೋರಿಯಾ ಸ್ವಾನ್ಸನ್ ಇಬ್ಬರನ್ನೂ ಬಿಟ್ಟು ಜೂಡಿ ಹಾಲಿಡೇಗೆ ಅತ್ಯುತ್ತಮ ನಟಿ ಪ್ರಶಸ್ತಿ ಹೋಯಿತಲ್ಲ, ಇದು ಅನ್ಯಾಯವಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ನಾವೇ ಮಾಡಿಕೊಂಡ ವರ್ಷವಾರು ಪಟ್ಟಿಯಲ್ಲೂ ಆಯ್ಕೆ ಹಾಲಿಡೇ ಅಲ್ಲ, ಸ್ವಾನ್ಸನ್. ಆದರೆ ಅನ್ಯಾಯ ಅನ್ನುವ ಮುಂಚೆ ಹಾಲಿಡೇಗೆ ಪ್ರಶಸ್ತಿ ತಂದ 'ಬಾರ್ನ್ ಯೆಸ್ಟರ್‌ಡೇ'ಯ ಇಸ್ಪೀಟಿನ ದೃಶ್ಯ ನೋಡಿಬಿಡಿ. ಅಲ್ಲಿ ಮಾತು ತೀರಾ ಕಡಿಮೆ. ಎಲೆ ಜೋಡಿಸುವ ಬೆರಳು, ಗುನುಗುವ ರಾಗ, ಎದುರಿನ ಅಬ್ಬರದ ಗಂಡಸನ್ನು ಸಲೀಸಾಗಿ ಸೋಲಿಸುವ ರೀತಿ, ಇಷ್ಟರಲ್ಲೇ ಈ ಹೆಂಗಸು ದಡ್ಡಿಯಲ್ಲ ಅಂತ ನಮಗೆ ತಿಳಿದುಹೋಗುತ್ತದೆ. ಆ ಪಾತ್ರವನ್ನು ಅವರು ಮೊದಲೇ ಬ್ರಾಡ್‌ವೇ ರಂಗದ ಮೇಲೆ ಆಡಿ ಪಳಗಿದ್ದರು.

'ಸನ್‌ಸೆಟ್ ಬುಲೆವಾರ್ಡ್'ನಲ್ಲಿ ಸ್ವಾನ್ಸನ್‌ಗೆ ಸಿಕ್ಕಿದ್ದು ಇದಕ್ಕಿಂತ ಇಕ್ಕಟ್ಟಿನ ಕೆಲಸ. ಸ್ವತಃ ಮೂಕಿ ಯುಗದ ತಾರೆ, ಮೂಕಿ ಯುಗದಿಂದ ಹೊರಬರಲಾರದ ತಾರೆಯಾಗಿ ನಟಿಸಬೇಕು. ಅರಳಿಸಿದ ಕಣ್ಣು, ಬಾಗಿದ ಬೆರಳು ಪಾತ್ರದ ಅಭ್ಯಾಸವಾಗಿ ಕಾಣಬೇಕೇ ಹೊರತು ನಟಿಯ ಅತಿರೇಕವಾಗಿ ಅಲ್ಲ. ಚಾಪ್ಲಿನ್‌ನನ್ನು ಅನುಕರಿಸುವ ದೃಶ್ಯದಲ್ಲಿ ಅವರ ಮೈ ಎಷ್ಟು ಹಗುರ ನೋಡಿ. ಕೊನೆಯಲ್ಲಿ ಮೆಟ್ಟಿಲಿಳಿಯುವಾಗಿನ ಬಿಗಿ ಬೇಕೆಂದೇ ತಂದುಕೊಂಡದ್ದು ಅಂತ ಆಗ ಮನವರಿಕೆಯಾಗುತ್ತದೆ.

'ಆಲ್ ಅಬೌಟ್ ಈವ್'ನಿಂದ ಡೇವಿಸ್ ಜೊತೆಗೆ ಆ್ಯನ್ ಬ್ಯಾಕ್ಸ್‌ಟರ್ ಕೂಡ ಇದೇ ವಿಭಾಗದಲ್ಲಿದ್ದರು. ಇದರಿಂದ ಮತ ಒಡೆಯಿತು ಅನ್ನುವುದು ಹಳೆಯ ವಾದ. ಆಸ್ಕರ್ ಕೊಡುವ ಅಕಾಡೆಮಿ ಮತಗಳ ಲೆಕ್ಕ ಬಿಟ್ಟುಕೊಡದ ಕಾರಣ ಅದು ಊಹೆಯಾಗಿಯೇ ಉಳಿದಿದೆ. ಆದರೂ ಐವರು ಕಣದಲ್ಲಿದ್ದು, ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿಯಲ್ಲಿ ಶೇ. 20ಕ್ಕಿಂತ ತುಸು ಹೆಚ್ಚು ಬಂದರೂ ಗೆಲುವು ಸಾಧ್ಯ. ಅಂದರೆ ಮತ ಹಾಕಿದ ಹೆಚ್ಚಿನವರು ಬೇರೆಯವರನ್ನು ಮೆಚ್ಚಿದ್ದಿರಬಹುದು. 1968ರ ಚಿತ್ರಗಳಿಗೆ ಕ್ಯಾಥರೀನ್ ಹೆಪ್‌ಬರ್ನ್, ಬಾರ್ಬ್ರಾ ಸ್ಟ್ರೈಸಂಡ್ ಸಮಬಲವಾಗಿ ಪ್ರಶಸ್ತಿ ಹಂಚಿಕೊಂಡರು. ಒಂದು ಮತ ಅತ್ತಿತ್ತ ಆಗಿದ್ದರೆ ಇಬ್ಬರಲ್ಲಿ ಒಬ್ಬರನ್ನು ನಾವು 'ಸೋತವರು' ಅನ್ನುತ್ತಿದ್ದೆವು.

ಪ್ರಶ್ನೆ: ಉಮಾಶ್ರೀ ಅವರ 'ಗುಲಾಬಿ ಟಾಕೀಸ್' ಬಿಡುಗಡೆಯಾದದ್ದು 2008ರಲ್ಲಿ. ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟ ರಾಷ್ಟ್ರಪ್ರಶಸ್ತಿ ಪಟ್ಟಿಯಲ್ಲಿ 2007 ಅಂತ ಇದೆ. ಯಾವುದು ಸರಿ?
– ಓದುಗರು, ಉಡುಪಿ

ಉತ್ತರ: ಎರಡೂ ಸರಿ. ರಾಷ್ಟ್ರಪ್ರಶಸ್ತಿಗೆ ಲೆಕ್ಕ ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ವರ್ಷ, ಥಿಯೇಟರಿಗೆ ಬಂದ ವರ್ಷವಲ್ಲ. ಆದ್ದರಿಂದ ಉಮಾಶ್ರೀ ಅವರ ಅಭಿನಯವನ್ನು 2007ರ ಚಿತ್ರಗಳ ಪಕ್ಕದಲ್ಲಿಟ್ಟು ತೂಗಬೇಕು. ಇಲ್ಲಿ ಆಸ್ಕರ್‌ನಂತೆ ಸಾವಿರಾರು ಜನರ ಮತವಿಲ್ಲ, ಚಿತ್ರ ನೋಡಿ ಚರ್ಚಿಸುವ ತೀರ್ಪುಗಾರರ ಮಂಡಳಿ ಇರುತ್ತದೆ. 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 'ಹಸೀನಾ'ಕ್ಕೆ ತಾರಾ ಇದೇ ಪ್ರಶಸ್ತಿ ಪಡೆದಿದ್ದಾರೆ. ಈ ಮೂರರಲ್ಲೂ ಪ್ರಶಸ್ತಿ ನಮ್ಮ ಆಯ್ಕೆಯ ಜೊತೆಗೇ ಇದೆ.

ಪ್ರಶ್ನೆ: ನಾನೂ ವರ್ಷವಾರು ಪಟ್ಟಿ ಮಾಡಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ?
– ಓದುಗರು, ಧಾರವಾಡ

ಉತ್ತರ: ವರ್ಷದ ಲೆಕ್ಕ ಬಿಡುಗಡೆಯದೋ ಸೆನ್ಸಾರಿನದೋ ಅಂತ ಮೊದಲೇ ತೀರ್ಮಾನಿಸಿ, ನಡುವೆ ಬದಲಿಸಬೇಡಿ. ವರ್ಷಕ್ಕೆ ಕನಿಷ್ಠ 10 ಚಿತ್ರ ನೋಡದೆ ಹೆಸರು ಬರೆಯಬೇಡಿ. ಐದು ಹೆಸರು ಸಾಕು, ಪ್ರತಿ ಹೆಸರಿನ ಎದುರು ನಿಮ್ಮನ್ನು ಹಿಡಿದ ದೃಶ್ಯ ಮತ್ತು ಅದು ಬರುವ ನಿಮಿಷ ಗುರುತು ಹಾಕಿಡಿ.

ಆ ದೃಶ್ಯವನ್ನು ಒಮ್ಮೆ ಧ್ವನಿ ಮುಚ್ಚಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಸದ್ದಿಲ್ಲದಾಗ ಮುಖ ಖಾಲಿ ಅನ್ನಿಸಿದರೆ ನಿಮಗೆ ಅಳು ತರಿಸಿದ್ದು ಹಿನ್ನೆಲೆ ಸಂಗೀತ. ಕೇಳುವಾಗ ದನಿ ನಟಿಯದೇ ಅಂತ ಖಾತ್ರಿ ಮಾಡಿಕೊಳ್ಳಿ. ಡಬ್ಬಿಂಗ್ ಕಲಾವಿದೆಯ ಕಂಠವಾದರೆ ಅರ್ಧ ಶ್ರೇಯಸ್ಸು ಅವರಿಗೆ ಸಲ್ಲಬೇಕು. ಎರಡು ಮೂರು ಸೆಕೆಂಡಿಗೊಮ್ಮೆ ಶಾಟ್ ಬದಲಾಗುತ್ತಿದ್ದರೆ ಸಂಕಲನಕಾರರ ಪಾಲೂ ದೊಡ್ಡದು. ಕತ್ತರಿ ಬೀಳದ ಉದ್ದನೆಯ ಶಾಟ್ ಹುಡುಕಿ ತೂಗುವುದೇ ಮೇಲು.

ಎಲ್ಲರೂ ಎಡವುವುದು ಅಳುವ ದೃಶ್ಯದಲ್ಲಿ. ನಟಿ ಸುಮ್ಮನೆ ಬೇರೆಯವರ ಮಾತು ಕೇಳುತ್ತಿರುವ ಒಂದು ದೃಶ್ಯವನ್ನೂ ಜೊತೆಗಿಟ್ಟು ನೋಡಿ. ಇನ್ನು ನಾಯಕಿ ಪಾತ್ರವೋ ಪೋಷಕ ಪಾತ್ರವೋ ಎಂಬ ಗೊಂದಲ ಬಂದರೆ ಪ್ರಶಸ್ತಿಗಳನ್ನು ನಂಬಬೇಡಿ. 'ದಿ ರೀಡರ್' ಚಿತ್ರದ ಒಂದೇ ಪಾತ್ರಕ್ಕೆ ಕೇಟ್ ವಿನ್ಸ್ಲೆಟ್ ಗೋಲ್ಡನ್ ಗ್ಲೋಬ್‌ನಲ್ಲಿ ಪೋಷಕ ನಟಿ, ಆಸ್ಕರ್‌ನಲ್ಲಿ ಅತ್ಯುತ್ತಮ ನಟಿ. ಕಥೆ ಯಾರ ನಿರ್ಧಾರದಿಂದ ಮುಂದೆ ಸಾಗುತ್ತದೋ ಅವರನ್ನೇ ನಾಯಕಿಯೆಂದು ಬರೆದುಕೊಳ್ಳಿ.