ಒಂದು ಬ್ರೌಸರ್ ಎಂಜಿನ್, ಹಲವು ವ್ಯವಸ್ಥೆಗಳು: ವೆಬ್‌ಕಿಟ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಮುಕ್ತ ತಂತ್ರಾಂಶವಾದ ವೆಬ್‌ಕಿಟ್ ಬ್ರೌಸರ್ ಎಂಜಿನ್ನನ್ನು (ವೆಬ್ ಪುಟವನ್ನು ಓದಿ ಪರದೆಯಲ್ಲಿ ಮೂಡಿಸುವ ತಂತ್ರಾಂಶವನ್ನು) ಬೇರೆ ಬೇರೆ ವ್ಯವಸ್ಥೆಗಳಿಗೆ ಒಗ್ಗಿಸುವ ಮತ್ತು ಬಿಲ್ಡ್ ಮಾಡುವ, ಅಂದರೆ ಮೂಲ ಕೋಡ್‌ನಿಂದ ಓಡಬಲ್ಲ ತಂತ್ರಾಂಶವನ್ನು ತಯಾರಿಸುವ ಬಗ್ಗೆ ಹಲವು ಓದುಗರು ಕೇಳಿದ್ದಾರೆ. ಒಂದರ ಉತ್ತರ ಇನ್ನೊಂದಕ್ಕೆ ಆಧಾರವಾಗುವಂತಿರುವುದರಿಂದ ಆ ಪ್ರಶ್ನೆಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ವೆಬ್‌ಕಿಟ್‌ನ ಹೆಚ್ಚಿನ ಭಾಗ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ಆ ಭಾಷೆಯ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಎಲ್ಲ ಕಡೆಯೂ ಸಿಗುತ್ತದೆ. ಹೀಗಿರುವಾಗ ಪ್ರತಿಯೊಂದು ವ್ಯವಸ್ಥೆಗೂ ಪ್ರತ್ಯೇಕ 'ಪೋರ್ಟ್' ಏಕೆ ಬೇಕು? (ಓದುಗರು, ಶಿವಮೊಗ್ಗ)

ಉತ್ತರ: ಎಚ್‌ಟಿಎಂಎಲ್ ಪುಟವನ್ನು ಓದುವುದು, ಸಿಎಸ್‌ಎಸ್ ನಿಯಮಗಳನ್ನು ಅನ್ವಯಿಸುವುದು, ಪುಟದ ಯಾವ ಭಾಗ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುವುದು, ಇವೆಲ್ಲ ಯಾವ ಯಂತ್ರದಲ್ಲಾದರೂ ಒಂದೇ ರೀತಿ ನಡೆಯಬಲ್ಲ ಕೆಲಸಗಳು. ಆದರೆ ಲೆಕ್ಕ ಮುಗಿದ ಮೇಲೆ ಪರದೆಯಲ್ಲಿ ಗೆರೆ ಎಳೆಯಬೇಕು, ಅಕ್ಷರ ಮೂಡಿಸಬೇಕು, ಸರ್ವರ್‌ನಿಂದ ಕಡತ ತರಿಸಬೇಕು, ವಿಡಿಯೊ ಓಡಿಸಬೇಕು. ಇವನ್ನು ಭಾಷೆಯಾಗಲಿ ಕಂಪೈಲರ್ ಆಗಲಿ ಮಾಡಿಕೊಡುವುದಿಲ್ಲ. ಆಯಾ ಆಪರೇಟಿಂಗ್ ಸಿಸ್ಟಂ ಮತ್ತು ಅದರ ಮೇಲಿನ ಲೈಬ್ರರಿಗಳ ಮೂಲಕವೇ ಮಾಡಿಸಬೇಕು.

ವೆಬ್‌ಕಿಟ್‌ನಲ್ಲಿ ಪುಟವನ್ನು ಜೋಡಿಸುವ ಭಾಗಕ್ಕೆ ವೆಬ್‌ಕೋರ್ ಎಂದು ಹೆಸರು. ಅದರೊಳಗಿನ 'ಪ್ಲಾಟ್‌ಫಾರ್ಮ್' ಎಂಬ ಫೋಲ್ಡರ್ ತೆರೆದು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ನೆಟ್‌ವರ್ಕ್ ಕೆಲಸಕ್ಕೆ ಆಪಲ್‌ನ ಪೋರ್ಟ್‌ಗಳು ಆ ಕಂಪನಿಯದೇ ಆದ ಸಿಎಫ್‌ನೆಟ್‌ವರ್ಕ್ ಬಳಸುತ್ತವೆ; ಲಿನಕ್ಸ್ ಡೆಸ್ಕ್‌ಟಾಪ್‌ಗಾಗಿ ಇರುವ ಜಿಟಿಕೆ ಪೋರ್ಟ್ ಮತ್ತು ಟಿವಿ ಪೆಟ್ಟಿಗೆ, ಕಿಯೋಸ್ಕ್ ಮುಂತಾದ ಎಂಬೆಡೆಡ್ ಸಾಧನಗಳಿಗಾಗಿ ಇರುವ ಡಬ್ಲ್ಯುಪಿಇ ಪೋರ್ಟ್ ಲಿಬ್‌ಸೂಪ್ ಬಳಸುತ್ತವೆ; ವಿಂಡೋಸ್ ಮತ್ತು ಪ್ಲೇಸ್ಟೇಷನ್ ಪೋರ್ಟ್‌ಗಳು ಕರ್ಲ್ ಬಳಸುತ್ತವೆ. ಚಿತ್ರ ಬಿಡಿಸಲು ಆಪಲ್‌ನಲ್ಲಿ ಕೋರ್ ಗ್ರಾಫಿಕ್ಸ್ ಇದ್ದರೆ, ಜಿಟಿಕೆ ಮತ್ತು ಡಬ್ಲ್ಯುಪಿಇ ಪೋರ್ಟ್‌ಗಳು ಬಹುಕಾಲ ಕೈರೋವನ್ನು ಬಳಸಿ, 2024ರ 2.46 ಆವೃತ್ತಿಯಿಂದ ಸ್ಕಿಯಾಗೆ ಬದಲಾದವು. ಮೇಲಿನ ಎಂಜಿನ್ 'ಇಲ್ಲಿ ಈ ಬಣ್ಣದಲ್ಲಿ ಒಂದು ಆಯತ ಬಿಡಿಸು' ಎಂದಷ್ಟೇ ಹೇಳುತ್ತದೆ. ಅದನ್ನು ನಿಜವಾಗಿ ಯಾರು ಬಿಡಿಸುತ್ತಾರೆ, ಹೇಗೆ ಬಿಡಿಸುತ್ತಾರೆ ಎಂಬುದನ್ನು ನಿರ್ಧರಿಸುವ ಪದರವೇ ಪೋರ್ಟ್.

ಕೋಡ್ ಬರೆಯಲು ಕೂರುವವರು ಆರಂಭದಲ್ಲೇ ಗಮನಿಸಬೇಕಾದ ಸಂಗತಿಯೊಂದಿದೆ. ಕೋಡ್‌ನ ಯಾವ ಸಾಲು ಯಾವ ಸಂದರ್ಭದಲ್ಲಿ ಕಂಪೈಲ್ ಆಗಬೇಕೆಂದು ಸೂಚಿಸಲು ವೆಬ್‌ಕಿಟ್ ಮ್ಯಾಕ್ರೋಗಳೆಂಬ ಹಲವು ಗುರುತುಗಳನ್ನು ಇಟ್ಟುಕೊಂಡಿದೆ: ಇಡೀ ಪೋರ್ಟನ್ನು ಸೂಚಿಸಲು 'ಪ್ಲಾಟ್‌ಫಾರ್ಮ್', ಆಪರೇಟಿಂಗ್ ಸಿಸ್ಟಂಗೆ 'ಒಎಸ್', ಪ್ರೊಸೆಸರ್‌ಗೆ 'ಸಿಪಿಯು', ಬಳಸುವ ಲೈಬ್ರರಿಗೆ 'ಯೂಸ್', ಸೌಲಭ್ಯವನ್ನು ಚಾಲೂ ಮಾಡಲು 'ಎನೇಬಲ್'. ಹೊಸಬರು ಎಲ್ಲದಕ್ಕೂ 'ಪ್ಲಾಟ್‌ಫಾರ್ಮ್' ಎಂದೇ ಬರೆಯುವುದು ಸಾಮಾನ್ಯ. ಲಿಬ್‌ಸೂಪ್‌ಗೆ ಸಂಬಂಧಿಸಿದ ಸಾಲೊಂದನ್ನು ಜಿಟಿಕೆ ಪೋರ್ಟ್‌ನ ಹೆಸರಿನಡಿ ಬರೆದರೆ, ಅದೇ ಲಿಬ್‌ಸೂಪ್ ಬಳಸುವ ಡಬ್ಲ್ಯುಪಿಇಗೆ ಆ ಸಾಲು ತಲುಪುವುದೇ ಇಲ್ಲ. ಒಂದು ಸಾಲು ಯಾವುದನ್ನು ಅವಲಂಬಿಸಿದೆಯೋ ಅದರ ಹೆಸರನ್ನೇ ಹೇಳುವ ಮ್ಯಾಕ್ರೋ ಬಳಸಬೇಕು. ಹೀಗೆ ಮಾಡಿದರೆ ಮುಂದೆ ಬರುವ ಹೊಸ ಪೋರ್ಟ್‌ಗೆ ಅರ್ಧ ಕೆಲಸ ಮೊದಲೇ ಆಗಿರುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಮೆಮೊರಿ ಇದೆ. ಉಬುಂಟುವಿನಲ್ಲಿ ಜಿಟಿಕೆ ಪೋರ್ಟ್ ಬಿಲ್ಡ್ ಮಾಡಲು ಹೊರಟರೆ ಯಂತ್ರ ಸ್ತಬ್ಧವಾಗಿ, ಕೊನೆಗೆ ಕಂಪೈಲರ್ 'ಕಿಲ್ಡ್' ಎಂಬ ಸಂದೇಶ ಕೊಟ್ಟು ನಿಲ್ಲುತ್ತದೆ. ಕೋಡ್‌ನಲ್ಲಿ ತಪ್ಪಿದೆಯೇ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ)

ಉತ್ತರ: ಕೋಡ್‌ನಲ್ಲಿ ತಪ್ಪಿಲ್ಲ. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನೆಲ್ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಪ್ರಕ್ರಿಯೆಯನ್ನು ತಾನೇ ಕೊಲ್ಲುತ್ತದೆ, ಮತ್ತು ಬಿಲ್ಡ್ ನಡೆಯುವಾಗ ಆ ಪ್ರಕ್ರಿಯೆ ಸಾಮಾನ್ಯವಾಗಿ ಕಂಪೈಲರ್ ಅಥವಾ ಕಂಪೈಲ್ ಆದ ತುಣುಕುಗಳನ್ನು ಒಂದಾಗಿ ಜೋಡಿಸುವ ಲಿಂಕರ್ ಆಗಿರುತ್ತದೆ.

ಮೆಮೊರಿ ಇಷ್ಟೊಂದು ಏಕೆ ಬೇಕಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಪರಿಹಾರ ಸುಲಭ. ಸಿಮೇಕ್ ಎಂಬ ತಂತ್ರಾಂಶ ತಯಾರಿಸಿದ ಬಿಲ್ಡ್ ಸೂಚನೆಗಳನ್ನು ಅನುಸರಿಸಿ ಕೆಲಸ ನಡೆಸುವ ನಿಂಜಾ ಎಂಬ ತಂತ್ರಾಂಶ, ನೀವು ಏನೂ ಹೇಳದಿದ್ದರೆ ಪ್ರೊಸೆಸರ್‌ನ ಕೋರ್‌ಗಳಿಗಿಂತ ತುಸು ಹೆಚ್ಚೇ ಕೆಲಸಗಳನ್ನು ಏಕಕಾಲಕ್ಕೆ ಹಚ್ಚುತ್ತದೆ. ಅದರ ಜೊತೆಗೆ ವೆಬ್‌ಕಿಟ್ 'ಯೂನಿಫೈಡ್ ಬಿಲ್ಡ್' ಎಂಬ ವಿಧಾನವನ್ನು ಅನುಸರಿಸುತ್ತದೆ. ಅಂದರೆ 8 ಮೂಲ ಕಡತಗಳವರೆಗೆ ಒಂದು ಕಟ್ಟಾಗಿ ಸೇರಿಸಿ, ಆ ಕಟ್ಟನ್ನು ಒಂದೇ ಕಡತವೆಂಬಂತೆ ಕಂಪೈಲರ್‌ಗೆ ಕೊಡುತ್ತದೆ. ಒಂದೇ ಹೆಡರ್ ಕಡತವನ್ನು (ಹಲವು ಮೂಲ ಕಡತಗಳು ಹಂಚಿಕೊಳ್ಳುವ ಘೋಷಣೆಗಳ ಕಡತವನ್ನು) ಮತ್ತೆ ಮತ್ತೆ ಓದುವ ಶ್ರಮ ತಪ್ಪುವುದರಿಂದ ಒಟ್ಟು ಸಮಯ ಬಹಳ ಉಳಿಯುತ್ತದೆ, ಆದರೆ ಒಂದೊಂದು ಕಂಪೈಲರ್ ಪ್ರಕ್ರಿಯೆಯೂ ಜಿಬಿಗಟ್ಟಲೆ ಮೆಮೊರಿ ಕೇಳತೊಡಗುತ್ತದೆ. ಎಂಟು ಕೋರ್‌ಗಳ ಯಂತ್ರದಲ್ಲಿ 8 ಜಿಬಿ ಸಾಲದಾಗುವುದು ಸಹಜ.

ಆದ್ದರಿಂದ ಮೊದಲು ಏಕಕಾಲದ ಕೆಲಸಗಳ ಸಂಖ್ಯೆಯನ್ನು ಎರಡು ಅಥವಾ ಮೂರಕ್ಕೆ ಇಳಿಸಿ. ಬಿಲ್ಡ್-ವೆಬ್‌ಕಿಟ್ ಸ್ಕ್ರಿಪ್ಟ್‌ಗೆ ಮೇಕ್‌ಆರ್ಗ್ಸ್ ಆಯ್ಕೆಯ ಮೂಲಕ ಇದನ್ನು ತಿಳಿಸಬಹುದು. ಡಿಬಗ್ ಬದಲು ರಿಲೀಸ್ ಬಿಲ್ಡ್ ಆರಿಸಿಕೊಳ್ಳಿ, ಏಕೆಂದರೆ ದೋಷ ಹುಡುಕಲೆಂದು ಸೇರಿಸುವ ಡಿಬಗ್ ಮಾಹಿತಿಯ ಹೊರೆ ಲಿಂಕಿಂಗ್ ಹಂತದಲ್ಲಿ ಒಮ್ಮೆಗೇ ಮೈಮೇಲೆ ಬರುತ್ತದೆ. ಎಲ್‌ಎಲ್‌ಡಿಯಂಥ ಹಗುರ ಲಿಂಕರ್ ಬಳಸಿ. ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಿಕ್ಯಾಶ್ ಹಾಕಿಕೊಂಡರೆ ಮೊದಲ ಬಿಲ್ಡ್ ನಿಧಾನವಾದರೂ ಮುಂದಿನವು ಬೇಗ ಮುಗಿಯುತ್ತವೆ. ಇಷ್ಟಾದರೂ ಆಗದಿದ್ದರೆ ಮಾತ್ರ ಯೂನಿಫೈಡ್ ಬಿಲ್ಡನ್ನು ನಿಲ್ಲಿಸಿ ನೋಡಿ.

ಯೂನಿಫೈಡ್ ಬಿಲ್ಡನ್ನು ನಿಲ್ಲಿಸಿದಾಗ ನಿಮಗೆ ಬೇರೊಂದು ಬಗೆಯ ದೋಷಗಳು ಎದುರಾಗಬಹುದು. ಕಟ್ಟಿನಲ್ಲಿ ಮೊದಲಿರುವ ಕಡತ ಒಂದು ಹೆಡರನ್ನು ಸೇರಿಸಿಕೊಂಡಿರುತ್ತದೆ. ನಂತರದ ಕಡತ ಅದೇ ಹೆಡರ್ ಬೇಕಿದ್ದರೂ ತಾನು ಸೇರಿಸಿಕೊಂಡಿರುವುದಿಲ್ಲ, ಆದರೂ ಒಂದೇ ಕಟ್ಟಿನಲ್ಲಿರುವುದರಿಂದ ಕೆಲಸ ಸಾಗುತ್ತದೆ. ಬಿಡಿಬಿಡಿಯಾಗಿ ಕಂಪೈಲ್ ಮಾಡಿದ ಕೂಡಲೇ ಈ ಕೊರತೆ ಹೊರಬೀಳುತ್ತದೆ. ಹೊಸ ಪೋರ್ಟ್ ಮಾಡುವವರಿಗೆ ಇದು ಇನ್ನೂ ಹೆಚ್ಚು ಕಾಡುತ್ತದೆ, ಏಕೆಂದರೆ ಅವರ ಕಡತಗಳ ಪಟ್ಟಿಯೇ ಬೇರೆಯಾಗಿರುವುದರಿಂದ ಕಟ್ಟುಗಳು ಬೇರೆ ರೀತಿಯಲ್ಲಿ ಕೂಡುತ್ತವೆ. ಇಂಥ ದೋಷ ಕಂಡರೆ ಬೇಕಾದ ಹೆಡರನ್ನು ಆಯಾ ಕಡತದಲ್ಲೇ ಸೇರಿಸಿ ಮೂಲ ಯೋಜನೆಗೆ ಕಳುಹಿಸಿಕೊಡಿ. ಒಂದೇ ಸಾಲಿನ ತಿದ್ದುಪಡಿಯಾದರೂ ಅದು ಸ್ವಾಗತಾರ್ಹವಾದದ್ದು, ಮತ್ತು ವಿದ್ಯಾರ್ಥಿಯೊಬ್ಬರು ಯೋಜನೆಯೊಳಗೆ ಕಾಲಿಡಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ.

ಪ್ರಶ್ನೆ: ನಾವು ಸಾರ್ವಜನಿಕ ಸ್ಥಳಗಳಲ್ಲಿ ಇಡುವ ಮಾಹಿತಿ ಕಿಯೋಸ್ಕ್‌ಗಾಗಿ ಡಬ್ಲ್ಯುಪಿಇ ಬಿಲ್ಡ್ ಮಾಡಿದ್ದೇವೆ. ಇಂಗ್ಲಿಷ್ ಪುಟಗಳು ಸರಿಯಾಗಿವೆ. ಕನ್ನಡ ಪುಟಗಳಲ್ಲಿ ಮೊದಲು ಬರೀ ಚೌಕಗಳು ಕಂಡವು; ಫಾಂಟ್ ಸೇರಿಸಿದ ಮೇಲೆ ಅಕ್ಷರಗಳು ಬಂದರೂ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಯಾಗಿ ಕಾಣುತ್ತಿವೆ. ಇದು ವೆಬ್‌ಕಿಟ್‌ನ ದೋಷವೇ? (ತಂತ್ರಾಂಶ ಅಭಿವೃದ್ಧಿಪಡಿಸುವವರು, ಬೆಂಗಳೂರು)

ಉತ್ತರ: ಬಹುಮಟ್ಟಿಗೆ ಫಾಂಟ್‌ನ ದೋಷವಿರಬೇಕು, ಆದರೆ ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದು ಬೇಡ. ಕನ್ನಡಿಗರು ನಿತ್ಯ ಬಳಸುವ ಸಾಧನದಲ್ಲಿ ಕನ್ನಡ ಸರಿಯಾಗಿ ಕಾಣಲೇಬೇಕಾದದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ವೆಬ್‌ಕಿಟ್‌ನಲ್ಲಿ ಪಠ್ಯವನ್ನು ಮೂಡಿಸಲು ಎರಡು ದಾರಿಗಳಿವೆ. ಲ್ಯಾಟಿನ್‌ನಂಥ ಲಿಪಿಗಳಿಗೆ ಸರಳವಾದ, ವೇಗದ ದಾರಿ. ಅಕ್ಷರಗಳು ಒಂದರೊಡನೊಂದು ಕೂಡಿ ರೂಪ ಬದಲಿಸುವ ಲಿಪಿಗಳಿಗೆ 'ಕಾಂಪ್ಲೆಕ್ಸ್' ದಾರಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ವ್ಯಾಪ್ತಿಯ ಅಕ್ಷರ ಕಂಡ ಕೂಡಲೇ ಎಂಜಿನ್ ಎರಡನೆಯ ದಾರಿ ಹಿಡಿಯುತ್ತದೆ. ಅಲ್ಲಿಂದ ಮುಂದಿನ ಕೆಲಸ ಪೋರ್ಟ್‌ಗೆ ಸೇರಿದ್ದು: ಆಪಲ್‌ನಲ್ಲಿ ಅದನ್ನು ಕೋರ್ ಟೆಕ್ಸ್ಟ್ ಮಾಡುತ್ತದೆ, ಜಿಟಿಕೆ ಮತ್ತು ಡಬ್ಲ್ಯುಪಿಇಗಳಲ್ಲಿ ಹಾರ್ಫ್‌ಬಜ್ ಮಾಡುತ್ತದೆ. ಕ, ಹಲಂತ ಚಿಹ್ನೆ (್), ರ ಎಂಬ ಮೂರು ಸಂಕೇತಗಳನ್ನು ತೆಗೆದುಕೊಂಡು 'ಕ್ರ' ಎಂಬ ರೂಪವನ್ನು ಕೊಡುವುದು ಹಾರ್ಫ್‌ಬಜ್. ಆದರೆ ಯಾವುದಕ್ಕೆ ಯಾವ ರೂಪ ಎಂಬ ಮಾಹಿತಿಯನ್ನು ಅದು ಫಾಂಟ್‌ನೊಳಗಿನ ಜಿಸಬ್ ಎಂಬ ಕೋಷ್ಟಕದಿಂದ ಓದಿಕೊಳ್ಳುತ್ತದೆ. ಸಾಧನದಲ್ಲಿ ಜಾಗ ಉಳಿಸಲೆಂದು ಫಾಂಟನ್ನು ಕತ್ತರಿಸಿ ಚಿಕ್ಕದು ಮಾಡುವಾಗ ಈ ಕೋಷ್ಟಕವೂ ಹೋಗಿಬಿಟ್ಟರೆ ಮೂಲ ಅಕ್ಷರಗಳು ಉಳಿದು ಒತ್ತುಗಳು ಕೂಡದೆ ಹೋಗುತ್ತವೆ. ನಿಮ್ಮ ವರ್ಣನೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಪರೀಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಮಾಡಿ. ಸಾಧನದಲ್ಲಿಯೇ ಎಫ್‌ಸಿ-ಲಿಸ್ಟ್ ಆದೇಶಕ್ಕೆ ಕನ್ನಡದ ಭಾಷಾ ಸಂಕೇತ ಕೊಟ್ಟು, ಫಾಂಟ್‌ಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಲೈಬ್ರರಿಗೆ ಯಾವ ಕನ್ನಡ ಫಾಂಟ್ ಕಾಣುತ್ತಿದೆ ಎಂದು ನೋಡಿ. ಅದೇ ಫಾಂಟ್ ಕಡತವನ್ನು ಹಾರ್ಫ್‌ಬಜ್ ಜೊತೆಗೆ ಬರುವ ಎಚ್‌ಬಿ-ವ್ಯೂಗೆ ಕೊಟ್ಟು 'ರಾಷ್ಟ್ರ', 'ಸೂರ್ಯ', 'ರ‍್ಯಾಂಕ್' ಎಂಬ ಪದಗಳನ್ನು ಬಿಡಿಸಿ ನೋಡಿ. ಮೊದಲನೆಯದರಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳಿವೆ. ಎರಡನೆಯದರಲ್ಲಿ ಅರ್ಕಾವೊತ್ತು ಬರಬೇಕು. ಮೂರನೆಯದರಲ್ಲಿ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಸಂಕೇತವಿರುವುದರಿಂದ ಅರ್ಕಾವೊತ್ತಾಗದೆ ರಕಾರ ಪೂರ್ತಿಯಾಗಿ ಉಳಿದು ಯ ಒತ್ತಾಗಿ ಬರಬೇಕು. ಇಲ್ಲಿಯೇ ತಪ್ಪು ಕಂಡರೆ ಫಾಂಟ್ ಬದಲಿಸಿ. ಕತ್ತರಿಸದ ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟನ್ನು ಹಾಕಿ ನೋಡಬಹುದು. ಇಲ್ಲಿ ಸರಿಯಿದ್ದು ಬ್ರೌಸರ್‌ನಲ್ಲಿ ಮಾತ್ರ ತಪ್ಪಾದರೆ, ಪುಟದ ಸಿಎಸ್‌ಎಸ್ ಬೇರೆ ಫಾಂಟನ್ನು ಎಳೆದುಕೊಳ್ಳುತ್ತಿದೆಯೇ ಎಂದು ನೋಡಿ, ಆ ಬಳಿಕವೇ ಎಂಜಿನ್ ಕಡೆಗೆ ಹೋಗಿ.

ಬೇರೆ ಬೇರೆ ಭಾಷೆಗಳ ನಿಯಮಗಳನ್ನು ಒದಗಿಸುವ ಐಸಿಯು ಲೈಬ್ರರಿಯ ದತ್ತಾಂಶವನ್ನೂ ಜಾಗ ಉಳಿಸಲು ಕೆಲವರು ಕಡಿಮೆ ಮಾಡುತ್ತಾರೆ. ಸಾಲು ಎಲ್ಲಿ ಮುರಿಯಬೇಕು, ಕರ್ಸರ್ ಎಲ್ಲಿ ನಿಲ್ಲಬೇಕು ಎಂಬುದನ್ನು ತಿಳಿಯಲು ವೆಬ್‌ಕಿಟ್ ಅದನ್ನೇ ನೆಚ್ಚಿಕೊಂಡಿದೆ. ಕೆಲವು ಎಂಬಿಗಳನ್ನು ಉಳಿಸಲು ಹೋಗಿ ಓದುಗರ ಭಾಷೆಯನ್ನು ಕೆಡಿಸುವುದು ಯಾವ ರೀತಿಯಲ್ಲೂ ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ವಿಂಡೋಸ್ ಯಂತ್ರದಲ್ಲಿ ಐಫೋನಿನ ವೆಬ್‌ಕಿಟ್ ಬಿಲ್ಡ್ ಮಾಡಬಹುದೇ? (ಓದುಗರು, ದಾವಣಗೆರೆ)

ಉತ್ತರ: ಆಗದು. ಆಪಲ್‌ನ ಪೋರ್ಟ್‌ಗಳಿಗೆ ಮ್ಯಾಕ್ ಯಂತ್ರ ಮತ್ತು ಆಪಲ್‌ನದೇ ಬಿಲ್ಡ್ ತಂತ್ರಾಂಶವಾದ ಎಕ್ಸ್‌ಕೋಡ್ ಬೇಕೇ ಬೇಕು.

ಪ್ರಶ್ನೆ: ವೆಬ್‌ಕಿಟ್‌ಗೆ ಪೂರ್ಣ ಬೆಂಬಲವಿಲ್ಲದ ಪ್ರೊಸೆಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡುವುದೇ ಇಲ್ಲವೇ? (ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಓಡುತ್ತದೆ, ನಿಧಾನವಾಗಿ. ವೆಬ್‌ಕಿಟ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಭಾಗವಾದ ಜಾವಾಸ್ಕ್ರಿಪ್ಟ್‌ಕೋರ್ ತನ್ನ ಇಂಟರ್‌ಪ್ರಿಟರನ್ನು (ಕೋಡನ್ನು ಹಂತ ಹಂತವಾಗಿ ಓದಿ ನಡೆಸುವ ಭಾಗವನ್ನು) ತನ್ನದೇ ಆದ ಒಂದು ಅಸೆಂಬ್ಲಿ ಭಾಷೆಯಲ್ಲಿ ಬರೆದಿಟ್ಟುಕೊಂಡಿದೆ. ಬಿಲ್ಡ್ ಸಮಯದಲ್ಲಿ ರೂಬಿ ಸ್ಕ್ರಿಪ್ಟ್‌ಗಳು ಅದನ್ನು ಆಯಾ ಪ್ರೊಸೆಸರ್‌ನ ಅಸೆಂಬ್ಲಿಗೆ ಇಳಿಸುತ್ತವೆ, ಹಾಗಾಗಿಯೇ ಬಿಲ್ಡ್‌ಗೆ ರೂಬಿ ಬೇಕಾಗುತ್ತದೆ. ಪ್ರೊಸೆಸರ್ ಅಪರಿಚಿತವಾಗಿದ್ದರೆ ಅದೇ ಮೂಲದಿಂದ ಸಿ ಪ್ಲಸ್ ಪ್ಲಸ್ ಕೋಡ್ ಹುಟ್ಟಿಸಬಹುದು. ಇದನ್ನು ಸಿ-ಲೂಪ್ ಎನ್ನುತ್ತಾರೆ. ಅದರ ಮೇಲಿನ ಬೇಸ್‌ಲೈನ್, ಡಿಎಫ್‌ಜಿ, ಎಫ್‌ಟಿಎಲ್ ಎಂಬ ಮೂರು ಜಿಟ್ ಹಂತಗಳು (ಓಡುತ್ತಿರುವಾಗಲೇ ಕೋಡನ್ನು ಯಂತ್ರಭಾಷೆಗೆ ತಿರುಗಿಸಿ ವೇಗ ಹೆಚ್ಚಿಸುವವು) ಆಗ ಇರುವುದಿಲ್ಲ. ನೀವು ಪತ್ರದಲ್ಲಿ ಹೇಳಿರುವ 64 ಬಿಟ್‌ನ ರಿಸ್ಕ್-ವಿ ಪ್ರೊಸೆಸರ್‌ಗೆ ಬೇಕಾದ ಕೋಡ್ ಈಗಾಗಲೇ ಮೂಲ ಯೋಜನೆಯಲ್ಲಿದೆ. ಜಾವಾಸ್ಕ್ರಿಪ್ಟ್‌ಕೋರ್ ಒಂದನ್ನೇ ಬಿಲ್ಡ್ ಮಾಡುವ ಜೆಎಸ್‌ಸಿಓನ್ಲಿ ಎಂಬ ಪುಟ್ಟ ಪೋರ್ಟ್ ಇದೆ. ನಿಮ್ಮ ಬೋರ್ಡ್‌ನಲ್ಲಿ ಅದರಿಂದಲೇ ಆರಂಭಿಸಿ.

ಪ್ರಶ್ನೆ: ಹಿಂದೆ ಅಪ್ಲಿಕೇಶನ್ ತಯಾರಿಸಲು ಬಳಸುವ ಕ್ಯೂಟಿಯಲ್ಲಿ ವೆಬ್‌ಕಿಟ್ ಇತ್ತು, ಈಗಿಲ್ಲ. ಕ್ರೋಮ್ ಕೂಡ ಬಿಟ್ಟುಹೋಯಿತು. ಪೋರ್ಟ್‌ಗಳು ಏಕೆ ಸಾಯುತ್ತವೆ? ನಮ್ಮ ಸಂಸ್ಥೆ ಸ್ವಂತ ಪೋರ್ಟ್ ಮಾಡಿಕೊಳ್ಳುವುದು ಜಾಣತನವೇ? (ಓದುಗರು, ಹುಬ್ಬಳ್ಳಿ)

ಉತ್ತರ: ವೆಬ್‌ಕಿಟ್‌ನ ಹುಟ್ಟೇ ಒಂದು ಪೋರ್ಟ್‌ನಿಂದ ಆದದ್ದು. ಕೆಡಿಇ ಬಳಗದವರು ಲಿನಕ್ಸ್‌ಗಾಗಿ ಬರೆದ ಕೆಎಚ್‌ಟಿಎಂಎಲ್ ಎಂಜಿನ್ನನ್ನು ಆಪಲ್ ಮ್ಯಾಕ್‌ಗೆ ಒಗ್ಗಿಸಿಕೊಂಡು 2003ರ ಜನವರಿಯಲ್ಲಿ ಸಫಾರಿಯನ್ನು ಪ್ರಕಟಿಸಿತು. 2005ರ ಜೂನ್‌ನಲ್ಲಿ ವೆಬ್‌ಕಿಟ್ ಮುಕ್ತ ಯೋಜನೆಯಾಯಿತು. ಗೂಗಲ್ 2008ರಲ್ಲಿ ಕ್ರೋಮ್‌ಗೆ ಇದನ್ನೇ ಬಳಸಿ, 2013ರ ಏಪ್ರಿಲ್‌ನಲ್ಲಿ ಬ್ಲಿಂಕ್ ಎಂಬ ಹೆಸರಿನಲ್ಲಿ ಕವಲೊಡೆಯಿತು. ಅದೇ ವರ್ಷ ಕ್ಯೂಟಿ ಯೋಜನೆಯೂ ಕ್ರೋಮ್‌ನ ಮುಕ್ತ ಮೂಲವಾದ ಕ್ರೋಮಿಯಂ ಕಡೆಗೆ ಹೊರಳಿತು. ಇಎಫ್‌ಎಲ್ ಎಂಬ ಲೈಬ್ರರಿಗಳಿಗಾಗಿ ಇದ್ದ ಪೋರ್ಟನ್ನು 2017ರಲ್ಲಿ ತೆಗೆದುಹಾಕಲಾಯಿತು.

ಇವುಗಳ ಹಿನ್ನೆಲೆ ಬೇರೆ ಬೇರೆಯಾದರೂ ಪೋರ್ಟ್ ಉಳಿಯಬೇಕಾದರೆ ಬೇಕಾದದ್ದು ಒಂದೇ: ದಿನನಿತ್ಯ ಅದನ್ನು ನೋಡಿಕೊಳ್ಳುವ ಜನ. ವೆಬ್‌ಕಿಟ್‌ಗೆ ತಿದ್ದುಪಡಿ ಕಳುಹಿಸಿದಾಗ, ಅದು ಸೇರುವ ಮೊದಲೇ ಬೇರೆ ಬೇರೆ ಪೋರ್ಟ್‌ಗಳ ಮೇಲೆ ಬಿಲ್ಡ್ ಮಾಡಿ ಎಚ್ಚರಿಸುವ ಯಂತ್ರಗಳಿವೆ. ಆ ಸಾಲಿನಲ್ಲಿ ನಿಮ್ಮ ಪೋರ್ಟ್‌ಗೂ ಒಂದು ಯಂತ್ರವಿಲ್ಲದಿದ್ದರೆ, ಮತ್ತೊಬ್ಬರ ತಿದ್ದುಪಡಿಯಿಂದ ಅದು ಮುರಿದದ್ದು ಯಾರಿಗೂ ತಿಳಿಯುವುದಿಲ್ಲ. ನೀವು ಕೆಲವು ತಿಂಗಳು ಬಿಟ್ಟು ನೋಡುವಷ್ಟರಲ್ಲಿ ಸರಿಪಡಿಸಲಾಗದಷ್ಟು ಅಂತರ ಬೆಳೆದಿರುತ್ತದೆ. ಆದ್ದರಿಂದ ನಿಮ್ಮ ಸಾಧನದಲ್ಲಿ ಲಿನಕ್ಸ್ ಇದ್ದರೆ ಸ್ವಂತ ಪೋರ್ಟ್ ಬೇಡವೇ ಬೇಡ. ಡಬ್ಲ್ಯುಪಿಇ ತೆಗೆದುಕೊಳ್ಳಿ, ಎಂಬೆಡೆಡ್ ಸಾಧನಗಳಿಗೆ ಲಿನಕ್ಸ್ ತಯಾರಿಸುವ ಯಾಕ್ಟೋ ಬಳಸುವವರಿಗೆ ಮೆಟಾ-ವೆಬ್‌ಕಿಟ್ ಎಂಬ ಲೇಯರ್ ಸಿದ್ಧವಾಗಿದೆ. ನಿಮ್ಮ ಯಂತ್ರಾಂಶಕ್ಕೆ ಬೇಕಾದ ಬದಲಾವಣೆಯನ್ನು ಆದಷ್ಟು ಮೂಲ ಯೋಜನೆಗೇ ಸೇರಿಸಿ.

ವೆಬ್‌ಕೋರ್ ಮತ್ತು ಜಾವಾಸ್ಕ್ರಿಪ್ಟ್‌ಕೋರ್‌ಗಳಲ್ಲಿ ಎಲ್‌ಜಿಪಿಎಲ್ ಪರವಾನಗಿಯ ಕೋಡ್ ಇರುವುದರಿಂದ, ಸಾಧನವನ್ನು ಮಾರುವವರು ಆ ಭಾಗಗಳಲ್ಲಿ ಮಾಡಿದ ಬದಲಾವಣೆಯ ಮೂಲವನ್ನು ಹೇಗೂ ಒದಗಿಸಬೇಕಾಗುತ್ತದೆ. ಜಿಟಿಕೆ ಮತ್ತು ಡಬ್ಲ್ಯುಪಿಇಗಳ ಹೊಸ ಸ್ಥಿರ ಸರಣಿ ಸುಮಾರಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ಗಳಲ್ಲಿ, ಆರು ತಿಂಗಳಿಗೊಮ್ಮೆ ಬರುತ್ತದೆ; ಭದ್ರತಾ ತಿದ್ದುಪಡಿಗಳು ನಡುವೆ ಬರುತ್ತಲೇ ಇರುತ್ತವೆ. ಹಳೆಯ ಆವೃತ್ತಿಯೊಂದನ್ನು ಸಾಧನದಲ್ಲಿ ಹಾಕಿ ವರ್ಷಗಟ್ಟಲೆ ಹಾಗೆಯೇ ಬಿಡುವುದು ಗ್ರಾಹಕರನ್ನು ಅಪಾಯಕ್ಕೆ ಒಡ್ಡಿದಂತೆ. ಉತ್ಪನ್ನದ ಬಜೆಟ್ ಬರೆಯುವಾಗಲೇ ಈ ಅರ್ಧವಾರ್ಷಿಕ ಬದಲಾವಣೆಗೆ ಒಬ್ಬ ಎಂಜಿನಿಯರ್‌ನ ಸಮಯವನ್ನು ಎತ್ತಿಡಿ. ಅದು ಸಾಧ್ಯವಿಲ್ಲವೆಂದಾದರೆ ಸಾಧನದಲ್ಲಿ ಹೊರಗಿನ ಪುಟಗಳನ್ನು ತೆರೆಯುವ ಅವಕಾಶವನ್ನೇ ಕೊಡಬೇಡಿ.